ಯಾವ ವೈರಸ್ ಎಂದು ಹುಡುಕುವ ಮೊದಲು ಓಆರ್‌ಎಸ್ ಪ್ಯಾಕೆಟ್ ಓದಿ

13 ತಿಂಗಳ ಮಗನಿಗೆ ಎರಡು ದಿನದಿಂದ ವಾಂತಿ-ಭೇದಿ, ಡಾಕ್ಟರ್ ವೈರಸ್ ಅಂದಿದ್ದಾರೆ, ಅದು ರೋಟಾನೋ ನೋರೋನೋ ತಿಳಿಯಲು ಮಲ ಪರೀಕ್ಷೆ ಮಾಡಿಸಬೇಕಾ ಎಂದು ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ಕೂತಿದ್ದೆ. ಮಗಳಿಗೆ ಆಗ ಹನ್ನೊಂದು ತಿಂಗಳು.

ಬೆಳಗ್ಗೆ ಜ್ವರ, ವಾಂತಿ. ಸಂಜೆಯ ಹೊತ್ತಿಗೆ ನೀರಿನಂಥ ಭೇದಿ. "ವೈರಸ್, ತಾನಾಗಿಯೇ ಇಳಿಯುತ್ತೆ, ಓಆರ್‌ಎಸ್ ಕುಡಿಸ್ತಾ ಇರಿ" ಎಂದರು ಡಾಕ್ಟರ್. ನನಗೆ ಆ ಮಾತು ಸಾಲಲಿಲ್ಲ. ರಾತ್ರಿಯಿಡೀ ಮೊಬೈಲಿನಲ್ಲಿ ವೈರಸ್‌ಗಳ ಬಗ್ಗೆ ಓದಿದೆ. ಪ್ಯಾಕೆಟ್ ಹಿಂಬದಿಯ ನಾಲ್ಕು ಸಾಲು ಮಾತ್ರ ಓದಲಿಲ್ಲ.

ಅದು ಒಂದು ಲೀಟರ್ ನೀರಿಗೆ ಬೆರೆಸುವ ಪ್ಯಾಕೆಟ್. ಇಷ್ಟು ಪುಟ್ಟ ಮಗು ಲೀಟರ್‌ಗಟ್ಟಲೆ ಎಲ್ಲಿ ಕುಡಿಯುತ್ತೆ ಎಂದುಕೊಂಡು ಪೂರ್ತಿ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದೆ. ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ನನ್ನದು. ಲೋಟ 200 ಮಿಲಿಯದು, ಅಂದರೆ ಐದು ಪಟ್ಟು ಉಪ್ಪು. ಇದನ್ನು ಬಿಡಿಸಿ ಹೇಳಲೇಬೇಕು. ಸರಿಯಾಗಿ ಬೆರೆಸಿದ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ (ಕಣಗಳ ಲೆಕ್ಕದ ಅಳತೆ) ಸೋಡಿಯಂ, ಅಂದರೆ ಉಪ್ಪಿನಂಶ, ಅಷ್ಟೇ ಗ್ಲೂಕೋಸ್ ಇರುತ್ತೆ. ವೈರಸ್ ಸಣ್ಣಕರುಳಿನ ಒಳಪದರವನ್ನು ಕೆಡಿಸಿದರೂ ಈ ಎರಡೂ ಜೊತೆಯಾಗಿ ಒಳಗೆ ಹೋಗುವ ದಾರಿ ಬಹುಮಟ್ಟಿಗೆ ಉಳಿದಿರುತ್ತೆ. ಅವುಗಳ ಹಿಂದೆಯೇ ನೀರೂ ಹೋಗುತ್ತೆ. ನಾನು ಬೆರೆಸಿದ್ದು ಇದಕ್ಕೆ ತದ್ವಿರುದ್ಧ ಕೆಲಸ ಮಾಡಿತು. ಆ ಗಟ್ಟಿ ನೀರು ಅವಳ ಮೈಯಿಂದಲೇ ನೀರನ್ನು ಕರುಳಿಗೆ ಎಳೆಯಿತು, ಭೇದಿ ಹೆಚ್ಚಾಯಿತು. ಮೈಗೆ ಸೇರಿದ ಉಪ್ಪಿನಿಂದ ರಕ್ತದಲ್ಲಿ ಸೋಡಿಯಂ ಏರಿತು. ಬಾಯಾರಿಕೆ ತಡೆಯದೆ ಲೋಟ ಕಂಡರೆ ಹಾತೊರೆಯುತ್ತಿದ್ದಳು, ನಾನು "ಕುಡೀತಿದ್ದಾಳಲ್ಲ, ಸದ್ಯ" ಎಂದು ಎರಡನೇ ಪ್ಯಾಕೆಟನ್ನೂ ಹಾಗೇ ಬೆರೆಸಿದೆ.

ನೆತ್ತಿ ಕುಳಿ ಬಿದ್ದಿರಲಿಲ್ಲ, ಕಣ್ಣೂ ಗುಳಿ ಬಿದ್ದಿರಲಿಲ್ಲ. ಸೋಡಿಯಂ ಏರಿದಾಗ ಜೀವಕೋಶಗಳ ನೀರು ಹೊರಗೆ ಬರುವುದರಿಂದ ಮಗು ಮೇಲ್ನೋಟಕ್ಕೆ ಅಷ್ಟೊಂದು ಬತ್ತಿದಂತೆ ಕಾಣುವುದಿಲ್ಲ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ನನಗೆ ಕಂಡದ್ದು ಬಿಡದ ಕಿರಿಕಿರಿ, ಎಂದೂ ಕೇಳದಂಥ ಕೀರಲು ಅಳು. ಮೂರು ದಿನ ಡ್ರಿಪ್. ಸೋಡಿಯಂ ಬೇಗ ಇಳಿಸಿದರೆ ಮಿದುಳು ಊದಿಕೊಳ್ಳಬಹುದು ಎಂದು ನಿಧಾನವಾಗಿ ಇಳಿಸಿದರು.

ಯಾವ ವೈರಸ್ ಇತ್ತು ಎಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೂ ಅವಳಿಗೆ ಕೊಡುತ್ತಿದ್ದುದು ಅದೇ ನೀರು, ಅದೇ ಉಪ್ಪು. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1973ರಲ್ಲಿ ಆಸ್ಟ್ರೇಲಿಯಾದ ರುತ್ ಬಿಷಪ್ ಮತ್ತು ಸಂಗಡಿಗರು ಪತ್ತೆಹಚ್ಚಿದ ರೋಟಾ ವೈರಸ್‌ನಲ್ಲಿ ಮೊದಲು ಜ್ವರ, ವಾಂತಿ, ಆಮೇಲೆ ಮೂರರಿಂದ ಎಂಟು ದಿನ ಭೇದಿ. ನೋರೋ ಸಾಮಾನ್ಯವಾಗಿ ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನದಲ್ಲಿ ಇಳಿಯುತ್ತೆ. ಅಡೆನೋ ವೈರಸ್‌ನ 40, 41ನೇ ಬಗೆ ಬಂದರೆ ಭೇದಿ ವಾರ ದಾಟಬಹುದು. ಆಸ್ಟ್ರೋ ವೈರಸ್ ಸಾಮಾನ್ಯವಾಗಿ ಸೌಮ್ಯ. ಆದರೆ ಲಕ್ಷಣ ನೋಡಿ ಇಂಥದ್ದೇ ಎಂದು ಹೇಳಲಾಗದು, ಆಂಟಿಬಯೋಟಿಕ್ ಇವುಗಳಲ್ಲಿ ಒಂದಕ್ಕೂ ನಾಟುವುದಿಲ್ಲ. ಮಲದಲ್ಲಿ ರಕ್ತ ಕಂಡರೆ, ಭೇದಿ ದಿನಗಟ್ಟಲೆ ನಿಲ್ಲದಿದ್ದರೆ ಪರೀಕ್ಷೆಗೆ ಅರ್ಥವಿದೆ.

ಕುಡಿದದ್ದೆಲ್ಲ ವಾಂತಿಯಾಗುತ್ತೆ ಎಂದು ಕುಡಿಸುವುದನ್ನು ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಎದೆಹಾಲು ಕುಡಿಯುತ್ತಿದ್ದರೆ ಅದೂ ಮುಂದುವರಿಯಲಿ. ಹಣ್ಣಿನ ಜ್ಯೂಸ್ ಬೇಡ, ಅದರ ಸಕ್ಕರೆಯೂ ನೀರನ್ನು ಕರುಳಿಗೆ ಎಳೆಯುತ್ತೆ. ಭೇದಿ ಕಟ್ಟುವ ಮಾತ್ರೆಯಂತೂ ಬೇಡವೇ ಬೇಡ. ಜಿಂಕ್ ಬಗ್ಗೆ ಡಾಕ್ಟರನ್ನು ಕೇಳಿ. ಡೈಪರ್ ಬದಲಿಸಿದ ಮೇಲೆ ಸ್ಯಾನಿಟೈಸರ್ ನಂಬದೆ ಸೋಪು ಹಾಕಿ ಕೈ ತೊಳೆಯಿರಿ, ನೋರೋಗೆ ಸ್ಯಾನಿಟೈಸರ್ ಸರಿಯಾಗಿ ನಾಟುವುದಿಲ್ಲ. ನನ್ನ ಎರಡನೇ ಮಗುವಿಗೆ ಆರನೇ ವಾರದಲ್ಲೇ ರೋಟಾ ಲಸಿಕೆಯ ಮೊದಲ ಡೋಸ್ ಹಾಕಿಸಿದೆ.

ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಗು ಮಂಕಾಗಿ ಮಲಗಿದರೆ ಅಥವಾ ಸಮಾಧಾನವೇ ಆಗದೆ ಅಳುತ್ತಿದ್ದರೆ, ರಾತ್ರಿಯಾದರೂ ಹೊರಡಿ. ಮನೆಯಲ್ಲಿ ಓಆರ್‌ಎಸ್ ಬೆರೆಸಿಟ್ಟಿದ್ದರೆ, ಎಷ್ಟು ನೀರಿಗೆ ಎಂದು ಪ್ಯಾಕೆಟ್ ತಿರುಗಿಸಿ ಈಗಲೇ ನೋಡಿ. ಲೆಕ್ಕ ತಪ್ಪಿದ್ದರೆ ಚೆಲ್ಲಿ ಹೊಸದಾಗಿ ಬೆರೆಸಿ, ಆಗಲೇ ಕುಡಿಸಿದ್ದರೆ ಅದನ್ನೂ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ.