ಡಿಸೆಂಬರ್‌ನಲ್ಲಿ ಎಲೆಕ್ಟ್ರಿಕ್ ಕಾರಲ್ಲಿ ಊಟಿ: ಚಾರ್ಜ್ ಸಾಕಾಗುತ್ತದೆ
ಬೆಂಗಳೂರಿಂದ ಊಟಿಗೆ ಮನೆಯವರನ್ನೆಲ್ಲ ಎಲೆಕ್ಟ್ರಿಕ್ ಕಾರಲ್ಲಿ ಕರ್ಕೊಂಡು ಹೋದರೆ ಘಾಟಿಯಲ್ಲಿ ಚಾರ್ಜ್ ಸಾಕಾಗುತ್ತದಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಹೊರಡಿ. ಮೈಸೂರಲ್ಲಿ ತಿಂಡಿ ತಿನ್ನುವಾಗಲೇ ಚಾರ್ಜಿಗೆ ಹಾಕಿ, 90 ಪರ್ಸೆಂಟ್ ದಾಟಿಸಿಕೊಳ್ಳಿ. ಗುಂಡ್ಲುಪೇಟೆಯಿಂದ ಊಟಿಗೆ ಸುಮಾರು 1,400 ಮೀಟರ್ ಏರಬೇಕು. ನಾಲ್ಕು ಜನ, ಲಗೇಜು ಇದ್ದರೆ ಆ ಏರಿಗೇ ಏಳೆಂಟು ಯೂನಿಟ್ ಜಾಸ್ತಿ ಬೇಕು. ಕಳೆದ ಸಲ ಪರ್ಸೆಂಟ್ ಕಣ್ಣೆದುರೇ ಇಳಿಯುವುದನ್ನು ನೋಡಿ ಅಮ್ಮ ಹೀಟರ್ ಆಫ್ ಮಾಡಿಸಿ ಶಾಲು ಹೊದ್ದು ಕೂತರು.

ಮುಖ್ಯವಾದ ಮಾತು: ವಾಪಸ್ ಹೊರಡುವ ಹಿಂದಿನ ರಾತ್ರಿ ಫುಲ್ ಚಾರ್ಜ್ ಮಾಡಬೇಡಿ, 80ಕ್ಕೆ ನಿಲ್ಲಿಸಿ. ಬ್ಯಾಟರಿ ತುಂಬಿದ್ದರೆ ರೀಜನ್ (ಇಳಿಯುವಾಗ ಮೋಟರೇ ಕಾರಿನ ವೇಗ ತಗ್ಗಿಸಿ ಬ್ಯಾಟರಿಗೆ ಕರೆಂಟ್ ತುಂಬುವುದು) ಸರಿಯಾಗಿ ಹಿಡಿಯುವುದಿಲ್ಲ, ಇಳಿಜಾರಿನ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಜಾಗ ಇದ್ದರೆ ಇಳಿಯುತ್ತಲೇ ಚಾರ್ಜ್ ಏರುತ್ತದೆ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಗೊತ್ತಲ್ವಾ? ಚಾರ್ಜಿಂಗ್ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ.