ಮಕ್ಕಳೊಂದಿಗೆ ಗುಡ್ಡೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೊಲ್ಲಿಯಲ್ಲಿ ದುಡಿಯುವ ನನ್ನ ಪತಿ ಈ ಸಲ ಚೌತಿಯ ಹೊತ್ತಿಗೆ ಮೂರು ವಾರದ ರಜೆಯಲ್ಲಿ ಊರಿಗೆ ಬರುತ್ತಿದ್ದಾರೆ. ಮಕ್ಕಳಿಗೆ ಆರು ಮತ್ತು ಹನ್ನೊಂದು ವರ್ಷ, ಅತ್ತೆಗೆ ಅರುವತ್ತೆಂಟು. ಎಲ್ಲರೂ ಜತೆಯಾಗಿ ಒಂದು ಬೆಟ್ಟ ಹತ್ತಬೇಕೆಂಬ ಆಸೆಯಿದೆ. ಕುದುರೆಮುಖದಷ್ಟು ದೂರ ಹೋಗಬೇಕೇ?
– ಗೃಹಿಣಿ, ಬದಿಯಡ್ಕ

ಉತ್ತರ: ಬೇಡ. ನಮ್ಮ ಕಾಸರಗೋಡಿನ ಊರುಗಳ ಹೆಸರುಗಳನ್ನೇ ನೋಡಿ: ಬದಿಯಡ್ಕ, ಧರ್ಮತ್ತಡ್ಕ, ಬಾಯಾರುಪದವು. ಅಡ್ಕ, ಪದವು, ಗುಡ್ಡೆ ಎಂದು ನೆಲವನ್ನು ನಡೆದು ನೋಡಿದವರೇ ಇಟ್ಟ ಹೆಸರುಗಳಿವು. ಧರ್ಮತ್ತಡ್ಕದ ಸಮೀಪದ ಪೊಸಡಿಗುಂಪೆ ಸಮುದ್ರಮಟ್ಟದಿಂದ ಸುಮಾರು 1,060 ಅಡಿ ಎತ್ತರದಲ್ಲಿದೆ. ಪಡುವಣಕ್ಕೆ ಅರಬಿ ಸಮುದ್ರ ಕಾಣುತ್ತದೆ, ಆಕಾಶ ತಿಳಿಯಾಗಿದ್ದರೆ ಮೂಡಣಕ್ಕೆ ನೀವು ಹೇಳುವ ಅದೇ ಕುದುರೆಮುಖದ ಸಾಲೂ ಕಾಣುತ್ತದೆ. ನಿಮ್ಮ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಸೂಚಿಸಲಾರೆ.

ನಿಮ್ಮವರು ಬರುವ ಸಮಯವೂ ಚೆನ್ನಾಗಿದೆ. ಆಟಿಯ ಮಳೆ ಇಳಿದು ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಬಂದಾಗ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು ಪದವುಗಳಲ್ಲಿ, ಬೇಸಗೆಯಲ್ಲಿ ಕಾವಲಿಯಂತೆ ಕಾಯುವ ಅದೇ ಬಂಡೆಗಳ ಮೇಲೆ, ತೆಳುವಾಗಿ ನೀರು ನಿಂತ ಕಡೆಗಳಲ್ಲೆಲ್ಲ ನೀಲಿ ಹೂಗಳು ಏಳುತ್ತವೆ. ಮಲಯಾಳದಲ್ಲಿ ಇದನ್ನು ಕಾಕ್ಕಪ್ಪೂವು ಎನ್ನುತ್ತಾರೆ, ಓಣಂನ ಹೂವಿನ ರಂಗೋಲಿಗೆ ಕೊಯ್ಯುತ್ತಾರೆ. ಮಕ್ಕಳನ್ನು ಅಲ್ಲಿಯೇ ಬೋರಲಾಗಿ ಮಲಗಿಸಿ, ಕೈಗೆ ಒಂದು ಭೂತಗನ್ನಡಿ ಕೊಡಿ. ಬುಡದ ಕೆಸರಿನಲ್ಲಿ ಕೂದಲೆಳೆಯಂತಹ ದಂಟುಗಳಿಗೆ ಸಾಸಿವೆಗಿಂತಲೂ ಚಿಕ್ಕ ಚೀಲಗಳು ಅಂಟಿಕೊಂಡಿರುತ್ತವೆ. ನೀರಿನ ಸೂಕ್ಷ್ಮಜೀವಿ ಬಾಗಿಲ ರೋಮವನ್ನು ಮುಟ್ಟಿದೊಡನೆ ಚೀಲ ಉಬ್ಬಿ, ನೀರಿನೊಂದಿಗೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಮುರಕಲ್ಲಿನ ಬಡ ನೆಲದಲ್ಲಿ ಸಾರಜನಕ ಸಾಲದಿರುವುದರಿಂದ ಈ ಗಿಡ ಬೇಟೆಗೆ ಇಳಿದಿದೆ. ಇಷ್ಟು ಅಂದವಾದ ಹೂ ಹುಳವನ್ನು ತಿನ್ನುತ್ತದೆ ಎಂದು ತಿಳಿದ ಮಗುವನ್ನು ಅಲ್ಲಿಂದ ಎಬ್ಬಿಸುವುದೇ ನಿಮಗೆ ಕಷ್ಟವಾದೀತು. ದಯವಿಟ್ಟು ಎಬ್ಬಿಸಬೇಡಿ. ತುದಿ ತಲುಪದಿದ್ದರೂ ನಷ್ಟವಿಲ್ಲ. ನಾಲ್ಕು ದಿನ ಬಿಟ್ಟು ಅದೇ ಗುಡ್ಡೆಗೆ ಮತ್ತೊಮ್ಮೆ ಹೋಗಬಹುದು, ಹಾಗೆ ಹೋಗುವುದೇ ಒಳ್ಳೆಯದು.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ: ಮೂರು ಮೈಲಿ ನಡಿಗೆಗೆ ಒಂದು ಗಂಟೆ, ಅದರ ಮೇಲೆ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. ಆರು ವರ್ಷದ ಮಗು ಜತೆಗಿದ್ದರೆ ಅದನ್ನು ಇಮ್ಮಡಿ ಮಾಡಿಕೊಳ್ಳಿ, ಮತ್ತು ಸಾಲಿನಲ್ಲಿ ಆ ಮಗುವನ್ನೇ ಮುಂದೆ ಬಿಡಿ. ಮುಂದೆ ಹೋಗುವ ಮಗು ದಣಿವನ್ನು ಮರೆಯುತ್ತದೆ; ಹಿಂದೆ ಬೀಳುವ ಮಗು ಪ್ರತಿ ತಿರುವಿನಲ್ಲೂ ‘ಇನ್ನೆಷ್ಟು ದೂರ’ ಎಂದು ಕೇಳುತ್ತದೆ.

ಅತ್ತೆಯವರನ್ನು ಖಂಡಿತವಾಗಿ ಕರೆದುಕೊಂಡು ಹೋಗಿ. ಅವರು ತುದಿಯವರೆಗೆ ಬರಬೇಕಾಗಿಲ್ಲ. ಅವರ ತಲೆಮಾರಿನವರಿಗೆ ಗುಡ್ಡೆಯೆಂದರೆ ಮಾಡಿಗೆ ಹೊದೆಸುವ ಮುಳಿಹುಲ್ಲು, ಹಟ್ಟಿಗೆ ಹಾಸುವ ಸೊಪ್ಪು, ಬೇಸಗೆ ರಜೆಯ ಕೇಪುಳ ಮತ್ತು ಕುಂಟಾಲ ಹಣ್ಣು. ಮುಳಿಯನ್ನು ಹೇಗೆ ಹೆರೆದು ಕಟ್ಟು ಕಟ್ಟುತ್ತಿದ್ದರೆಂದು ಅವರು ಹುಲ್ಲಿನ ನಡುವೆ ನಿಂತು ಕೈಯಾರೆ ತೋರಿಸಲಿ. ನಿಮ್ಮಲ್ಲಿ ಅಥವಾ ನೆರೆಯಲ್ಲಿ ಸುರಂಗದ ನೀರಿದ್ದರೆ ಇಳಿದು ಬಂದ ಮೇಲೆ ಅದನ್ನೂ ತೋರಿಸಿ: ತಾವು ತುಳಿದು ಬಂದ ಗುಡ್ಡೆಯಲ್ಲಿ ಇಂಗಿದ ಮಳೆಯೇ ಮುರಕಲ್ಲಿನ ಸಂದುಗಳಲ್ಲಿ ಇಳಿದು, ಹಿರಿಯರು ಅಡ್ಡಲಾಗಿ ಕೊರೆದ ಆ ಕತ್ತಲ ದಾರಿಯಲ್ಲಿ ತೊಟ್ಟಿಕ್ಕಿ, ಮನೆಯ ಕೊಡಕ್ಕೆ ಬರುತ್ತದೆಂದು ಮಕ್ಕಳಿಗೆ ಆಗ ಬಾಯಿಮಾತಿನಲ್ಲಿ ವಿವರಿಸಬೇಕಾಗುವುದಿಲ್ಲ.

ಬುತ್ತಿಗೆ ಅವಲಕ್ಕಿ, ಬಾಳೆಹಣ್ಣು, ಪುನರ್ಪುಳಿಯ (ಕೋಕಂ) ಶರಬತ್ತು ಸಾಕು. ನೆರಳು ಕಡಿಮೆಯಾದ್ದರಿಂದ ಬೆಳಗ್ಗೆ ಬೇಗ ಹೊರಡಿ. ಅಡಿಕೆ ಹಾಳೆಯ ಮುಟ್ಟಾಳೆಯಿದ್ದರೆ ಮಕ್ಕಳ ತಲೆಗೆ ಅದಕ್ಕಿಂತ ತಂಪಾದ ಟೊಪ್ಪಿ ಬೇರೆಯಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ರಾಣಿಪುರಕ್ಕೆ ಮಕ್ಕಳನ್ನು ಕರೆದೊಯ್ಯಬಹುದೇ? ಉಂಬುರಿನ (ಜಿಗಣೆಯ) ಹೆದರಿಕೆ.
– ಉಪ್ಪಳದ ಓದುಗರು

ಉತ್ತರ: ಕರೆದೊಯ್ಯಬಹುದು, ಜೋರು ಮಳೆಯ ದಿನಗಳನ್ನು ಬಿಟ್ಟು. ಹಿಂದೆ ಮಾಡತ್ತುಮಲೆಯೆಂದು ಕರೆಯುತ್ತಿದ್ದ ರಾಣಿಪುರದಲ್ಲಿ ಮೊದಲು ದಟ್ಟ ಕಾಡು, ಮೇಲೆ ತೆರೆದ ಹುಲ್ಲುಗಾವಲು. ಉಂಬುರು ಇರುವುದು ಮುಖ್ಯವಾಗಿ ಕಾಡಿನ ಒದ್ದೆ ತರಗೆಲೆಯಲ್ಲಿ. ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ನಿಂತಲ್ಲಿ ನಿಲ್ಲಬೇಡಿ. ಕಚ್ಚಿದರೆ ಎಳೆದು ಕೀಳದೆ ಉಗುರಿನಿಂದ ಬದಿಗೆ ಜಾರಿಸಿ ತೆಗೆಯಿರಿ. ಅದರ ಜೊಲ್ಲಿನ ಹಿರುಡಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುವುದು ಸಹಜ. ಗಾಯ ತೊಳೆದು ಒತ್ತಿ ಹಿಡಿಯಿರಿ. ಇದನ್ನು ಹೊರಡುವ ಮೊದಲೇ ಮಕ್ಕಳಿಗೆ ಹೇಳಿಟ್ಟರೆ ಅರ್ಧ ಹೆದರಿಕೆ ಹೋಗುತ್ತದೆ. ನನಗೆ ಉಂಬುರಿಗಿಂತ ಮುಖ್ಯವಾಗಿ ಕಾಣುವುದು ಆನೆಯ ವಿಷಯ. ಅಲ್ಲಿನ ಕಾಡು ಕೊಡಗಿನ ತಲಕಾವೇರಿಯ ಕಾಡಿಗೆ ಕೂಡಿಕೊಂಡಿದೆ. ಆದ್ದರಿಂದ ಹೊರಡುವ ಮುನ್ನ ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ, ಅವರು ಬೇಡವೆಂದ ದಿನ ಹೋಗಲೇಬೇಡಿ.

ಪ್ರಶ್ನೆ: ನವರಾತ್ರಿ ಕಳೆದ ಮೇಲೆ ಒಂದು ಆದಿತ್ಯವಾರ ಊಟ ಮಾಡಿ ಹೊರಟು, ಗುಡ್ಡೆಯ ಮೇಲೆ ಸೂರ್ಯಾಸ್ತ ನೋಡಿ ಇಳಿಯಬಹುದೇ? ಹದಿನಾಲ್ಕರ ಮಗ ಮೊದಲ ಬಾರಿಗೆ ಬರಲು ಒಪ್ಪಿದ್ದಾನೆ.
– ಅಧ್ಯಾಪಕರು, ಕುಂಬಳೆ

ಉತ್ತರ: ಮಗ ಒಪ್ಪಿದ್ದು ಸಂತೋಷ, ಆದರೆ ಆ ತಿಂಗಳಲ್ಲಿ ಆ ಹೊತ್ತು ಬೇಡ. ತುಲಾ ಮಾಸದ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಬಳಿಕವೇ ಕಟ್ಟುವುದು. ಹಲವು ವರ್ಷಗಳ ಹಿಂದೆ ಇದೇ ಆಸೆಯಿಂದ ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ಮೂಡಣದಲ್ಲಿ ಮೋಡ ಕಪ್ಪಾಗುತ್ತಿದ್ದುದನ್ನು ಕಂಡೂ ‘ಇನ್ನು ಹತ್ತು ನಿಮಿಷ’ ಎಂದು ನಿಂತೆ. ಬೋಳು ಪದವಿನಲ್ಲಿ ನಮ್ಮಿಬ್ಬರಿಗಿಂತ ಎತ್ತರವಾದದ್ದು ಏನೂ ಇರಲಿಲ್ಲ. ಸಿಡಿಲು ಎದುರಿನ ಗುಡ್ಡೆಗೆ ಬಡಿದಾಗ ಅವಳ ಕೈ ನನ್ನ ಕೈಯೊಳಗೆ ತಣ್ಣಗಾದದ್ದು ಇಂದಿಗೂ ನೆನಪಿದೆ. ಆ ಹತ್ತು ನಿಮಿಷ ನನ್ನ ತಪ್ಪು.

ಮಿಂಚಿನಿಂದ ಗುಡುಗಿನವರೆಗೆ ಎಣಿಸಿ: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಕೂಡಲೇ ಇಳಿದು ವಾಹನದೊಳಗೆ ಅಥವಾ ಕಟ್ಟಡದೊಳಗೆ ಸೇರಬೇಕು. ಒಂಟಿಮರದ ಬುಡ ಖಂಡಿತ ಬೇಡ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಗೆ ಬರಬಾರದು.

ಸೂರ್ಯಾಸ್ತವನ್ನು ಜನವರಿಗೆ ಇಟ್ಟುಕೊಳ್ಳಿ. ಆಗ ಗುಡುಗಿನ ಕಾಟ ಇರುವುದಿಲ್ಲ, ಮುಳಿ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಸೂರ್ಯ ನೇರವಾಗಿ ಕಡಲಿಗೆ ಇಳಿಯುತ್ತಾನೆ. ಒಣಹುಲ್ಲಿಗೆ ಕಿಡಿ ತಾಗದಂತೆ ನೋಡಿಕೊಳ್ಳಿ. ದಾರಿ ಹುಡುಕುವ ಕೆಲಸವನ್ನೂ ಹೊರಡುವ ಸಮಯದ ತೀರ್ಮಾನವನ್ನೂ ಮಗನಿಗೇ ಬಿಡಿ. ಇಳಿಯುವಾಗ ಕತ್ತಲಾಗುವುದರಿಂದ ಟಾರ್ಚ್ ಎರಡಿರಲಿ, ಒಂದು ಅವನ ಕೈಯಲ್ಲಿರಲಿ, ಅವನು ಮುಂದೆ ನಡೆಯಲಿ.