ಮಗ ಕೆನ್ನೆಗೆ ಹೊಡೆದುಕೊಳ್ಳುತ್ತಾನೆ, ಬರೀ ಮಾತ್ರೆ ಸಾಕಾ?

ಪ್ರಶ್ನೆ: ನನ್ನ ಮಗನಿಗೆ 26 ವರ್ಷ. ಹುಟ್ಟಿದಾಗಿನಿಂದ ಬುದ್ಧಿ ಬೆಳವಣಿಗೆ ಕಡಿಮೆ. ಒಂದೆರಡು ಮಾತಷ್ಟೇ ಆಡುತ್ತಾನೆ. ಫಿಟ್ಸ್‌ಗೆ ಮಾತ್ರೆ ನಡೀತಿದೆ. ಸ್ಪೆಷಲ್ ಸ್ಕೂಲ್ ಮುಗಿದ ಮೇಲೆ ಮನೆಯಲ್ಲೇ ಇದ್ದಾನೆ. ಐದು ತಿಂಗಳ ಹಿಂದೆ ನಮ್ಮತ್ತೆ ತೀರಿಕೊಂಡರು. ಅವತ್ತಿನಿಂದ ನಿದ್ದೆ ಸರಿಯಿಲ್ಲ, ಬಲಗೆನ್ನೆಗೆ ಪಟಪಟ ಹೊಡೆದುಕೊಳ್ಳುತ್ತಾನೆ. ಹತ್ತಿರದ ಡಾಕ್ಟರು ‘ಇಂಥ ಮಕ್ಕಳು ಹೀಗೇ’ ಅಂತ ರಿಸ್ಪೆರಿಡೋನ್ ಅನ್ನೋ ಮನೋರೋಗದ ಮಾತ್ರೆ ಬರೆದುಕೊಟ್ಟರು. ಈಗ ಮೂಲೆಯಲ್ಲಿ ಸುಮ್ನೆ ಕೂತಿರುತ್ತಾನೆ, ಜೊಲ್ಲು ಸುರಿಯುತ್ತೆ. ಇದು ಮಾನಸಿಕ ಕಾಯಿಲೆನಾ? ಯಾರಿಗೆ ತೋರಿಸಲಿ?
— ಒಬ್ಬ ತಾಯಿ, ಕಾಮಾಕ್ಷಿಪಾಳ್ಯ, ಬೆಂಗಳೂರು

ಮನೋವೈದ್ಯೆಯ ಉತ್ತರ: ಅಮ್ಮಾ, ‘ಇಂಥ ಮಕ್ಕಳು ಹೀಗೇ’ ಅನ್ನೋ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಇಷ್ಟು ವರ್ಷ ಹೀಗಿರದವನು ಐದು ತಿಂಗಳಿಂದ ಹೀಗಾಗಿದ್ದಾನೆ ಅಂದರೆ, ಹೊಸದೇನೋ ಆಗಿದೆ. ಅದೇನೆಂದು ಹುಡುಕುವುದು ಮೊದಲ ಕೆಲಸ. ಬಂದ ತೊಂದರೆಯನ್ನೆಲ್ಲ ಬುದ್ಧಿಮಾಂದ್ಯತೆಯ ತಲೆಗೆ ಕಟ್ಟುವುದು ನಾವು ವೈದ್ಯರು ಮಾಡುವ ಹಳೇ ತಪ್ಪು.

ಯಾವಾಗಲೂ ಬಲಗೆನ್ನೆಗೇ ಹೊಡೆದುಕೊಳ್ಳುತ್ತಾನೆ ಅಲ್ವಾ? ನನಗೆ ಮೊದಲು ಅನುಮಾನ ಬರುವುದು ಹಲ್ಲಿನ ಮೇಲೆ, ಆಮೇಲೆ ಕಿವಿ. ನೋವು ಅಂತ ಹೇಳಲು ಮಾತಿಲ್ಲದವರು ಎಷ್ಟೋ ಸಲ ನೋಯುವ ಜಾಗಕ್ಕೇ ಹೊಡೆದುಕೊಳ್ಳುತ್ತಾರೆ. ಹುಳುಕು ಹಲ್ಲು, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ನಾಲ್ಕೈದು ದಿನದಿಂದ ಕಟ್ಟಿದ ಹೊಟ್ಟೆ, ಇಷ್ಟು ಸಾಕು ರಾತ್ರಿ ನಿದ್ದೆ ಕೆಡಲು. ಫಿಟ್ಸ್ ಮಾತ್ರೆ ಇತ್ತೀಚೆಗೆ ಬದಲಾಗಿದೆಯಾ ನೋಡಿ. ಲೆವೆಟಿರಾಸಿಟಮ್ ಅನ್ನೋ ಫಿಟ್ಸ್ ಮಾತ್ರೆ ಕೆಲವರಲ್ಲಿ ಸಿಡುಕು, ಕೋಪ ತರುತ್ತದೆ.

ಇನ್ನು ಅಜ್ಜಿಯ ವಿಷಯ. ಅವರು ತೀರಿಕೊಂಡರು ಅಂತ ಅವನಿಗೆ ಯಾರಾದರೂ ಹೇಳಿದ್ದೀರಾ? ‘ಅವನಿಗೇನು ಗೊತ್ತಾಗುತ್ತೆ’ ಅಂತ ಪಕ್ಕದ ಮನೆಗೆ ಕಳಿಸಿ, ‘ಅಜ್ಜಿ ಊರಿಗೆ ಹೋಗಿದ್ದಾರೆ’ ಅಂದುಬಿಡುವುದನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಅವನು ಕಾಯುತ್ತಲೇ ಇರುತ್ತಾನೆ ಅಮ್ಮಾ. ಫೋಟೋ ತೋರಿಸಿ, ‘ಅಜ್ಜಿ ಸತ್ತುಹೋದರು, ಇನ್ನು ಬರಲ್ಲ’ ಅಂತ ನೇರವಾಗಿ ಹೇಳಿ. ಹತ್ತು ಸಲ ಬೇಕಾದರೂ ಹೇಳಿ. ಅವನು ಅಳಲಿ, ತಡೆಯಬೇಡಿ. ವರ್ಷದ ತಿಥಿಯ ದಿನ ಅವನ ಕೈಯಿಂದಲೂ ಹೂ ಹಾಕಿಸಿ.

ಮಾನಸಿಕ ಕಾಯಿಲೆನಾ ಅಂತ ಕೇಳಿದ್ದೀರಿ. ಬುದ್ಧಿಮಾಂದ್ಯತೆ ಮಾನಸಿಕ ಕಾಯಿಲೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅದನ್ನು ಕಾಯಿಲೆಗಳ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ಬುದ್ಧಿಮಾಂದ್ಯತೆ ಇರುವವರಿಗೂ ಖಿನ್ನತೆ, ಆತಂಕ ಬರುತ್ತವೆ, ಬೇರೆಯವರಿಗಿಂತ ಜಾಸ್ತಿಯೇ. ಬಂದರೆ ಆ ಕಾಯ್ದೆಯ ಹಕ್ಕುಗಳೆಲ್ಲ ನಿಮ್ಮ ಮಗನಿಗೂ ಸೇರುತ್ತವೆ. ನನಗೆ ಸಂಕಟವಾಗುವುದು ಇಲ್ಲೇ. ಮನೋವೈದ್ಯರ ಹತ್ತಿರ ಹೋದರೆ ‘ಇದು ಅಂಗವೈಕಲ್ಯ’ ಅಂತಾರೆ, ಅಂಗವಿಕಲರ ಕೇಂದ್ರಕ್ಕೆ ಹೋದರೆ ‘ಇದು ಮೆಂಟಲ್ ಕೇಸ್’ ಅಂತಾರೆ. ನಡುವೆ ತಾಯಂದಿರು ಬಸ್ಸು ಹತ್ತಿ ಇಳಿಯುತ್ತಾರೆ.

ರಿಸ್ಪೆರಿಡೋನ್ ಕೆಟ್ಟ ಔಷಧವಲ್ಲ, ಬೇಕಾದವರಿಗೆ ಬೇಕೇ ಬೇಕು. ಆದರೆ ಕಾರಣ ಹುಡುಕದೆ ಕೊಟ್ಟರೆ ಅದು ನೋವನ್ನು ಮುಚ್ಚುತ್ತದೆ, ಅಷ್ಟೇ. ಮಂಕು, ಜೊಲ್ಲು ಎರಡೂ ಅದರಿಂದಲೇ ಇರಬಹುದು. ತೂಕವೂ ಏರುತ್ತದೆ. ಕೆಲವರಿಗೆ ಒಂದು ಕಡೆ ಕೂರಲಾರದ ಚಡಪಡಿಕೆ ಶುರುವಾಗುತ್ತದೆ. ಅದನ್ನು ಹಠ ಎಂದುಕೊಂಡು ಡೋಸ್ ಹೆಚ್ಚಿಸುವುದೂ ಉಂಟು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಯಾಕೆ ಕೊಟ್ಟಿದ್ದೀರಿ, ಎಲ್ಲಿಯವರೆಗೆ, ಮತ್ತೆ ಯಾವಾಗ ನೋಡುತ್ತೀರಿ ಅಂತ ಕೇಳಿ. ತೂಕ, ಸಕ್ಕರೆ ಪರೀಕ್ಷೆ ಮಾಡಿಸಿ. ಇಂಗ್ಲೆಂಡಿನಲ್ಲಿ ಇಂಥ ಮಾತ್ರೆಗಳ ಅತಿಬಳಕೆ ತಗ್ಗಿಸಲೆಂದೇ 2016ರಲ್ಲಿ ಅಭಿಯಾನ ಶುರುವಾಯಿತು. ಅಲ್ಲಿ ಬುದ್ಧಿಮಾಂದ್ಯತೆ ಇರುವವರಿಗೆ 14 ವರ್ಷದಿಂದಲೇ ಪ್ರತಿ ವರ್ಷ ಪೂರ್ತಿ ತಪಾಸಣೆಗೂ ಅವಕಾಶವಿದೆ. ನಮ್ಮಲ್ಲಿ ನೀವೇ ಕೇಳಿ ಮಾಡಿಸಿಕೊಳ್ಳಬೇಕು.

ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಕಿವಿಯನ್ನೂ ನೋಡಿಸಿ. ಆಮೇಲೆ ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಷ್ಟರೊಳಗೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ನಿದ್ದೆ, ಊಟ, ಕಕ್ಕಸು, ಯಾವಾಗ ಹೊಡೆದುಕೊಂಡ, ಅದಕ್ಕೆ ಮೊದಲು ಏನಾಯಿತು, ಎಲ್ಲ ಬರೆದಿಡಿ. ನನ್ನಂಥವರಿಗೆ ಸ್ಕ್ಯಾನ್‌ಗಿಂತ ಅದು ಹೆಚ್ಚು ಹೇಳುತ್ತದೆ. ರಾತ್ರಿ ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಂಗವೈಕಲ್ಯ ಪ್ರಮಾಣಪತ್ರ ಇದ್ದರೆ ಇಂಥವರಿಗೆಂದೇ ಇರುವ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಮಾಡಿಸಿ. ಚಿಕಿತ್ಸೆಯ ಖರ್ಚಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಒಳಗೆ ಹೋದಾಗ ಡಾಕ್ಟರು ನಿಮ್ಮನ್ನಷ್ಟೇ ಕೇಳಿ ಚೀಟಿ ಬರೆಯಲು ಹೊರಟರೆ, ‘ಒಂದ್ಸಲ ಅವನನ್ನೂ ಮಾತಾಡಿಸಿ ಡಾಕ್ಟ್ರೇ’ ಅನ್ನಿ. ಸಂಕೋಚ ಬೇಡ.